ಚಪ್ಪಲಿ ನೋಡಿ ಹಿಡಿಯುವ ಕಾನೂನು

ಹೋದ ತಿಂಗಳು ನಮ್ಮ ಅಧ್ಯಯನ ಕೂಟದಲ್ಲಿ ಅಮೆರಿಕದ ಮಾತು ಬಂತು. ನಮ್ಮ ಗೆಳೆಯನೊಬ್ಬನ ಅಣ್ಣ ಅಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಕೇರಿಯಿಂದ ಹೋದವನು. ಅವ್ವನ ಓಲೆ ಅಡ ಇಟ್ಟು ಓದಿದವನು. ಅವನು ಫೋನಿನಲ್ಲಿ ಹೇಳಿದನಂತೆ: "ಆ ಮೆಕ್ಸಿಕೊದೋರು ಬೇಲಿ ಹಾರಿ ಬಂದೋರು. ನಾವು ಲೈನಲ್ಲಿ ನಿಂತು ಬಂದೋರು. ಅವರನ್ನ ಓಡಿಸಿದರೆ ನಮಗೇನಾಗಬೇಕು?"

ಕೂಟದಲ್ಲಿ ಕೆಲವರು ತಲೆದೂಗಿದರು. ನನಗೆ ಅವತ್ತು ಉತ್ತರ ಹೊಳೆಯಲಿಲ್ಲ. ನಾನು ಬಿ.ಎ. ಓದಿದವನು, ಒಂದಿಷ್ಟು ಪದ್ಯ ಗೀಚಿದವನು, ಕಾನೂನು ಪಂಡಿತನಲ್ಲ. ಆದರೆ ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. 'ನಾವು ಬೇರೆ, ಅವರು ಬೇರೆ' ಅನ್ನೋ ಮಾತನ್ನ ನಾವು ಎಲ್ಲೋ ಕೇಳಿದ್ದೀವಲ್ಲ? ಹುಡುಕಿ ಓದಿದೆ. ಓದಿದ್ದನ್ನು ಇಲ್ಲಿ ಬರೆದಿದ್ದೇನೆ. ಇದು ಆ ಅಣ್ಣನಿಗೆ ಉತ್ತರ. ತಲೆದೂಗಿದವರಿಗೂ ಉತ್ತರ.

ಅರಿಜೋನ ಅಮೆರಿಕದ ನೈರುತ್ಯದಲ್ಲಿರುವ ಮರುಭೂಮಿ ರಾಜ್ಯ. ಅದರ ಕೆಳಗೆ ಮೆಕ್ಸಿಕೊ. ಆ ನೆಲ ಮೊದಲು ಆದಿವಾಸಿಗಳದು. ಆಮೇಲೆ ಮೆಕ್ಸಿಕೊಗೆ ಸೇರಿತು. ಯುದ್ಧ ಮಾಡಿ 1848ರಲ್ಲಿ ಅಮೆರಿಕ ಅದರ ಬಹುಭಾಗವನ್ನು ಕಿತ್ತುಕೊಂಡಿತು. ಉಳಿದ ತುಂಡಿಗೆ 1853ರಲ್ಲಿ ಒಪ್ಪಂದ ಮಾಡಿ ದುಡ್ಡು ಕೊಟ್ಟಿತು. 'ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು' ಅಂತ ಅಲ್ಲಿಯ ಲ್ಯಾಟಿನೊ ಜನ ಮೆರವಣಿಗೆಯಲ್ಲಿ ಕೂಗುವುದು ಇದಕ್ಕೇ. ಲ್ಯಾಟಿನೊ ಅಂದರೆ ಮೆಕ್ಸಿಕೊ, ಗ್ವಾಟೆಮಾಲ, ಎಲ್ ಸಾಲ್ವಡಾರ್ ಮುಂತಾದ ಕಡೆಯ ಮೂಲದವರು. 2010ರ ಜನಗಣತಿಯಲ್ಲಿ ಅರಿಜೋನದ ಹತ್ತು ಜನರಲ್ಲಿ ಸುಮಾರು ಮೂವರು ಇವರೇ. ಅವರಲ್ಲಿ ಬಹಳ ಮಂದಿ ಅಲ್ಲೇ ಹುಟ್ಟಿದ ಪ್ರಜೆಗಳು. ಕೆಲವರ ಹತ್ತಿರ ಮಾತ್ರ ಕಾಗದ ಇಲ್ಲ. ಹೊಲದಲ್ಲಿ ಬಗ್ಗಿ ಸೊಪ್ಪು ಕೊಯ್ಯುವವರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು, ಸುಡು ಬಿಸಿಲಲ್ಲಿ ಮನೆ ಕಟ್ಟುವವರು, ಬಿಳಿಯರ ಮಕ್ಕಳನ್ನು ಎತ್ತಿ ಆಡಿಸುವವರು ಈ ಜನ.

2010ರ ಏಪ್ರಿಲ್ 23ರಂದು ಅರಿಜೋನದ ಗವರ್ನರ್ ಜಾನ್ ಬ್ರೂವರ್ ಒಂದು ಕಾನೂನಿಗೆ ಸಹಿ ಹಾಕಿದಳು. ಅದರ ಹೆಸರು ಎಸ್.ಬಿ. 1070. ವಲಸೆಯ ವಿಚಾರ ನೋಡಬೇಕಾದ್ದು ದೆಹಲಿಯಂಥ ಅವರ ಕೇಂದ್ರ ಸರ್ಕಾರ. ಆದರೆ ಈ ಕಾನೂನು ಅದನ್ನು ಬೀದಿ ಪೊಲೀಸನ ಕೈಗೆ ಕೊಟ್ಟಿತು. ಯಾವುದಾದರೂ ಕಾರಣಕ್ಕೆ ಪೊಲೀಸ್ ಒಬ್ಬನನ್ನು ನಿಲ್ಲಿಸಿದಾಗ, ಇವನು ಕಾಗದ ಇಲ್ಲದವನು ಅನ್ನೋ 'ಸಕಾರಣ ಸಂಶಯ' ಬಂದರೆ ಅವನ ಕಾಗದ ಪರೀಕ್ಷೆ ಮಾಡಲೇಬೇಕು. ಪರದೇಶದವರು ನೋಂದಣಿ ಕಾಗದ ಜೊತೆಯಲ್ಲಿ ಇಟ್ಟುಕೊಂಡಿರದಿದ್ದರೆ ಅದೇ ಅಪರಾಧ. ಕಾಗದ ಇಲ್ಲದವನು ಕೂಲಿ ಕೇಳಿದರೆ ಅದೂ ಅಪರಾಧ.

ಕೂಲಿ ಕೇಳುವುದು ಅಪರಾಧ! ಕೂಲಿ ಕೊಟ್ಟು ದುಡಿಸಿಕೊಂಡ ತೋಟದ ಧಣಿ ಆರಾಮಾಗಿದ್ದ.

'ಸಂಶಯ' ಅಂದರೆ ಏನು? ಕಾಗದ ಇಲ್ಲದವನು ನೋಡೋಕೆ ಹೇಗಿರ್ತಾನೆ? ಸಹಿ ಹಾಕಿದ ದಿನವೇ ಪತ್ರಕರ್ತರು ಗವರ್ನರ್ ಅವರನ್ನು ಇದನ್ನು ಕೇಳಿದರು. ತನಗೆ ಗೊತ್ತಿಲ್ಲ ಅಂದಳು. ತನಗೇ ಗೊತ್ತಿಲ್ಲದ್ದನ್ನು ಪೊಲೀಸನಿಗೆ ಗುರುತು ಹಿಡಿ ಅಂತ ಆಜ್ಞೆ ಮಾಡಿದಳು. ಕ್ಯಾಲಿಫೋರ್ನಿಯದ ಸಂಸದ ಬ್ರಯನ್ ಬಿಲ್‌ಬ್ರೇಗೆ ಮಾತ್ರ ಗೊತ್ತಿತ್ತು. ತರಬೇತಿ ಪಡೆದವರು ಬಟ್ಟೆ ನೋಡಿ, ಕಾಲಿನ ಷೂ ನೋಡಿ ಹೇಳಬಲ್ಲರು ಅಂತ ಟಿ.ವಿ.ಯಲ್ಲಿ ಕೂತು ಹೇಳಿದ.

ಕಾಲಿನ ಷೂ! ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ಊರ ಬೀದಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆದ ತಾತಂದಿರ ಮೊಮ್ಮಕ್ಕಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾ?

ಕಾನೂನಿನಲ್ಲಿ 'ಲ್ಯಾಟಿನೊ' ಅನ್ನೋ ಪದ ಇರಲಿಲ್ಲ. ಗಲಾಟೆ ಜೋರಾದಾಗ ಒಂದೇ ವಾರದಲ್ಲಿ ತಿದ್ದುಪಡಿ ತಂದು, ಜನಾಂಗ ಬಣ್ಣ ನೋಡುವ ಹಾಗಿಲ್ಲ ಅಂತಲೂ ಬರೆದರು. ಎಷ್ಟು ಶುದ್ಧ ನೋಡಿ! ಜಾತಿಯ ಹೆಸರೆತ್ತದೇ ಜಾತಿ ಮಾಡುವ ಜಾಣತನ ಲೋಕದಲ್ಲೆಲ್ಲ ಒಂದೇ. ಮಾರಿಕೋಪ ಜಿಲ್ಲೆಯಲ್ಲಿ ಷೆರಿಫ್ ಅನ್ನೋ ಪೊಲೀಸ್ ಮುಖ್ಯಸ್ಥನಾಗಿದ್ದ ಜೋ ಅರ್ಪಾಯೋ ಈ ಕಾನೂನು ಬರುವ ಮೊದಲೇ ಅದನ್ನು ನಡೆಸಿ ತೋರಿಸಿದ್ದ. ಮರುಭೂಮಿಯ ಬಿಸಿಲಲ್ಲಿ ಡೇರೆ ಹಾಕಿ ಜೈಲು ಮಾಡಿದ. ಕೈದಿಗಳಿಗೆ ಗುಲಾಬಿ ಬಣ್ಣದ ಒಳಚಡ್ಡಿ ತೊಡಿಸಿದ. 2009ರಲ್ಲಿ ಸುಮಾರು 200 ವಲಸೆ ಕೈದಿಗಳಿಗೆ ಸರಪಳಿ ಹಾಕಿ ಬೀದಿಯಲ್ಲಿ ನಡೆಸಿಕೊಂಡು ಆ ಡೇರೆಗೆ ತುಂಬಿದ. ಅವನ ಪೊಲೀಸರು ಲ್ಯಾಟಿನೊ ಮುಖ ನೋಡಿಯೇ ಗಾಡಿ ನಿಲ್ಲಿಸುತ್ತಿದ್ದರು ಅಂತ 2013ರಲ್ಲಿ ಕೇಂದ್ರದ ನ್ಯಾಯಾಲಯವೇ ತೀರ್ಪು ಕೊಟ್ಟಿತು.

ಮೈಮೇಲೆ ಮಾತ್ರ ಕೈ ಹಾಕಿದರೆ ಸಾಲದು, ತಲೆಯ ಮೇಲೂ ಹಾಕಬೇಕಲ್ಲ? ಅದೇ 2010ರ ಮೇ ತಿಂಗಳಲ್ಲಿ ಅದೇ ಗವರ್ನರ್ ಇನ್ನೊಂದು ಕಾನೂನಿಗೆ ಸಹಿ ಹಾಕಿದಳು. ಟೂಸಾನ್ ನಗರದ ಶಾಲೆಗಳಲ್ಲಿ ಮೆಕ್ಸಿಕನ್ ಮೂಲದ ಮಕ್ಕಳಿಗೆ ಅವರದೇ ಚರಿತ್ರೆ, ಸಾಹಿತ್ಯ ಕಲಿಸುತ್ತಿದ್ದರು. ಅದನ್ನು ನಿಲ್ಲಿಸುವುದು ಈ ಕಾನೂನಿನ ಉದ್ದೇಶ. 2012ರ ಜನವರಿಯಲ್ಲಿ ಪಾಠ ನಿಂತಿತು, ಪುಸ್ತಕಗಳನ್ನು ತರಗತಿಯಿಂದ ಹೊರಗೆ ಸಾಗಿಸಿದರು. ಅವುಗಳಲ್ಲಿ ಪೌಲೋ ಫ್ರೇರೆಯ ದಮನಿತರ ಶಿಕ್ಷಣದ ಪುಸ್ತಕವೂ ಇತ್ತು. ಈ ಕಾನೂನಿನ ಹಿಂದೆ ಇದ್ದದ್ದು ಜನಾಂಗ ದ್ವೇಷ ಅಂತ ನ್ಯಾಯಾಧೀಶರು ಹೇಳಿದ್ದು 2017ರಲ್ಲಿ. ಅಷ್ಟರಲ್ಲಿ ಎಷ್ಟು ಮಕ್ಕಳು ಶಾಲೆ ಮುಗಿಸಿ ಹೋಗಿದ್ದರೋ!

ಇನ್ನು ಜನ ಏನು ಮಾಡಿದರು ನೋಡೋಣ.

ಗವರ್ನರ್ ಸಹಿ ಹಾಕುವ ಮೂರು ದಿನ ಮುಂಚೆ ಒಂಬತ್ತು ಜನ ವಿದ್ಯಾರ್ಥಿಗಳು ಫೀನಿಕ್ಸಿನ ವಿಧಾನಸಭೆ ಕಟ್ಟಡದ ಬಾಗಿಲಿಗೆ ತಮ್ಮನ್ನೇ ಸರಪಳಿಯಿಂದ ಬಿಗಿದುಕೊಂಡರು. ಮೇ 1ರಂದು ಲಾಸ್ ಏಂಜಲೀಸ್ ಸೇರಿ ಹತ್ತಾರು ಊರುಗಳಲ್ಲಿ ಮೆರವಣಿಗೆ. ಮೇ 29ಕ್ಕೆ ಫೀನಿಕ್ಸಿನ ಬಿಸಿಲಲ್ಲಿ ಸಾವಿರ ಸಾವಿರ ಜನ. ಅರಿಜೋನಕ್ಕೆ ಬಹಿಷ್ಕಾರ ಹಾಕಿ ಅಂತ ಅರಿಜೋನದ್ದೇ ಸಂಸದ ರೌಲ್ ಗ್ರಿಹಾಲ್ವ ಕರೆ ಕೊಟ್ಟ. ಲಾಸ್ ಏಂಜಲೀಸ್ ನಗರಸಭೆ ಬಹಿಷ್ಕಾರದ ನಿರ್ಣಯ ಮಾಡಿತು. ಫೀನಿಕ್ಸಿನ ಬಾಸ್ಕೆಟ್‌ಬಾಲ್ ತಂಡ 'ಲೋಸ್ ಸನ್ಸ್' ಅಂತ ಸ್ಪ್ಯಾನಿಷ್ ಹೆಸರಿನ ಅಂಗಿ ತೊಟ್ಟು ಮೈದಾನಕ್ಕಿಳಿಯಿತು. ಟೂಸಾನಿನ ಒಬ್ಬ ಪೊಲೀಸ್ ಅಧಿಕಾರಿಯೇ ಈ ಕಾನೂನು ಬೇಡ ಅಂತ ಕೋರ್ಟಿಗೆ ಹೋದ.

ಇನ್ನೂ ಒಂದು ಮಾತು. ಆಗ ಅಮೆರಿಕದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಕಾನೂನಿನ ಪರ ಇದ್ದರು ಅಂತ ಅಭಿಪ್ರಾಯ ಸಂಗ್ರಹಗಳು ಹೇಳಿದವು. ಬಹುಮತ ವಿರುದ್ಧ ಇದ್ದಾಗಲೇ ಇವರು ಬೀದಿಗೆ ಬಂದದ್ದು. ಬಹುಮತ ಬರಲಿ ಅಂತ ಕಾದಿದ್ದರೆ ಇವತ್ತಿಗೂ ಕಾಯಬೇಕಿತ್ತು.

ಕಾನೂನು ಜಾರಿಯಾಗುವ ಹಿಂದಿನ ದಿನ, 2010ರ ಜುಲೈ 28ರಂದು, ನ್ಯಾಯಾಧೀಶೆ ಸೂಸನ್ ಬೋಲ್ಟನ್ ಅದರ ಮುಖ್ಯ ಭಾಗಗಳನ್ನು ತಡೆದರು. 2012ರ ಜೂನ್ 25ರಂದು ಸುಪ್ರೀಂ ಕೋರ್ಟು ಪ್ರಶ್ನೆಗೆ ಬಂದ ನಾಲ್ಕು ಭಾಗಗಳಲ್ಲಿ ಮೂರನ್ನು ಹೊಡೆದುಹಾಕಿತು. ಕೂಲಿ ಕೇಳುವುದು ಅಪರಾಧ ಅನ್ನೋದು ಹೋಯಿತು. ಆದರೆ 'ಸಂಶಯ ಬಂದರೆ ಕಾಗದ ಕೇಳು' ಅನ್ನೋ ಭಾಗ ಉಳಿಯಿತು. ಪೂರ್ತಿ ಗೆಲುವಲ್ಲ. ಆದರೂ ಕಾನೂನು ತಂದ ರಸೆಲ್ ಪಿಯರ್ಸ್ ಅನ್ನೋ ಸೆನೆಟರನನ್ನು ಅವನ ಕ್ಷೇತ್ರದ ಮತದಾರರೇ 2011ರ ನವೆಂಬರಿನಲ್ಲಿ ಅವಧಿಗೆ ಮುಂಚೆ ವಾಪಸ್ ಕರೆಸಿ ಮನೆಗೆ ಕಳಿಸಿದರು. ಬಹಿಷ್ಕಾರದ ಬಿಸಿ ತಟ್ಟಿದ ಮೇಲೆ ಸುಮಾರು 60 ಕಂಪನಿ ಮುಖ್ಯಸ್ಥರು ಇನ್ನು ಇಂಥ ಕಾನೂನು ಸಾಕು ಅಂತ ಪತ್ರ ಬರೆದರು. 2011ರ ಮಾರ್ಚಿನಲ್ಲಿ ಅರಿಜೋನದ ಸೆನೆಟ್ ಇನ್ನೂ ಐದು ವಲಸೆ ಮಸೂದೆಗಳನ್ನು ಬೀಳಿಸಿತು. ಬಂಡವಾಳದವರಿಗೆ ಕರುಣೆ ಬಂತು ಅಂತಲ್ಲ. ಗಲ್ಲಾಪೆಟ್ಟಿಗೆಗೆ ಪೆಟ್ಟು ಬಿತ್ತು. ಅಷ್ಟೆ.

ಆದರೆ ವಿಷ ಬೇರೆ ರಾಜ್ಯಗಳಿಗೆ ಹರಡಿತ್ತು. 2011ರ ಜೂನಿನಲ್ಲಿ ಅಲಬಾಮ ರಾಜ್ಯ ಎಚ್.ಬಿ. 56 ತಂದಿತು. ಇದು ಅರಿಜೋನದ್ದಕ್ಕಿಂತ ಕ್ರೂರ. ಕಾಗದ ಇಲ್ಲದವನ ಬದುಕಿನ ಪ್ರತಿಯೊಂದು ಅಂಗದ ಮೇಲೂ ಇದು ದಾಳಿ ಮಾಡುತ್ತೆ ಅಂತ ಅದನ್ನು ತಂದ ಶಾಸಕನೇ ಸದನದಲ್ಲಿ ಎದೆ ತಟ್ಟಿ ಹೇಳಿದ. ಬಾಡಿಗೆಗೆ ಮನೆ ಕೊಟ್ಟರೆ ತಪ್ಪು, ಗಾಡಿಯಲ್ಲಿ ಕೂರಿಸಿಕೊಂಡರೆ ತಪ್ಪು. ಶಾಲೆಗೆ ಹೊಸದಾಗಿ ಸೇರುವ ಮಗುವಿನ ಕಾಗದ ವಿಚಾರಿಸಬೇಕು. ಆಲ್‌ಗುಡ್ ಅನ್ನೋ ಸಣ್ಣ ಊರಿನ ನೀರಿನ ಕಚೇರಿಯಲ್ಲಿ, ರಾಜ್ಯದ ಗುರುತಿನ ಚೀಟಿ ತೋರಿಸದಿದ್ದರೆ ನೀರು ನಿಲ್ಲಿಸುತ್ತೇವೆ ಅಂತ ನೋಟೀಸು ಅಂಟಿಸಿದರು.

ನೀರು! ಕೆರೆ ಮುಟ್ಟಿದ್ದಕ್ಕೆ ಮಹಾಡದಲ್ಲಿ ತಲೆ ಒಡೆಸಿಕೊಂಡ ಜನ ನಾವು. ನಮಗೆ ಈ ನೋಟೀಸಿನ ಭಾಷೆ ಅರ್ಥವಾಗದಿದ್ದರೆ ಇನ್ಯಾರಿಗೆ ಆಗಬೇಕು?

ಸೆಪ್ಟೆಂಬರ್ ಕೊನೆಯಲ್ಲಿ ಈ ಕಾನೂನಿನ ಹೆಚ್ಚು ಭಾಗ ಜಾರಿಗೆ ಬಂತು. ಕೆಲವೇ ದಿನಗಳಲ್ಲಿ ಒಂದೇ ದಿನ ಎರಡು ಸಾವಿರಕ್ಕೂ ಹೆಚ್ಚು ಲ್ಯಾಟಿನೊ ಮಕ್ಕಳು ಶಾಲೆಗೆ ಗೈರು. ಕೀಳುವವರಿಲ್ಲದೆ ಟೊಮ್ಯಾಟೊ ಗಿಡದಲ್ಲೇ ಕೊಳೆಯಿತು. ಅಕ್ಟೋಬರ್ 12ರಂದು ಲ್ಯಾಟಿನೊ ಕೂಲಿಕಾರರು ಕೆಲಸಕ್ಕೆ ಹೋಗದೆ ಮನೆಯಲ್ಲೇ ಉಳಿದರು. ಕೋಳಿ ಮಾಂಸದ ಕಾರ್ಖಾನೆಗಳು ನಿಂತವು. ಯಾರ ಕೈಯಿಂದ ಊಟ ತಟ್ಟೆಗೆ ಬರುತ್ತೆ ಅಂತ ಅವತ್ತು ಅಲಬಾಮಕ್ಕೆ ಗೊತ್ತಾಯಿತು.

ಅಲಬಾಮ ಅಂದರೆ ಕರಿಯರ ಹೋರಾಟದ ನೆಲ. ಬರ್ಮಿಂಗ್‌ಹ್ಯಾಮಿನ ಹದಿನಾರನೇ ಬೀದಿಯ ಚರ್ಚಿನಲ್ಲಿ 1963ರಲ್ಲಿ ಬಾಂಬಿಟ್ಟು ನಾಲ್ಕು ಕರಿಯ ಹೆಣ್ಣುಮಕ್ಕಳನ್ನು ಕೊಂದಿದ್ದರು. 2011ರ ನವೆಂಬರಿನಲ್ಲಿ ಎಚ್.ಬಿ. 56ರ ವಿರುದ್ಧ ಜನ ಸೇರಿದ್ದು ಅದೇ ಚರ್ಚಿನಲ್ಲಿ. ಲ್ಯಾಟಿನೊಗಳ ಪಕ್ಕದಲ್ಲಿ ಕರಿಯರು ನಿಂತರು. ಆ ಕರಿಯರಿಗೆ ಕಾಗದ ಇತ್ತು. ಅವರನ್ನ ಯಾರೂ ಗಡಿ ದಾಟಿಸುವ ಹಾಗಿರಲಿಲ್ಲ. 'ನಾವು ಬೇರೆ' ಅಂತ ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. 2012ರಲ್ಲಿ ಮೇಲಿನ ಕೋರ್ಟು ಶಾಲೆಯ ಭಾಗವನ್ನು ಹೊಡೆದುಹಾಕಿತು. 2013ರಲ್ಲಿ ರಾಜ್ಯ ಸರ್ಕಾರ ರಾಜಿ ಮಾಡಿಕೊಂಡು ಕಾನೂನಿನ ಹಲ್ಲುಗಳನ್ನು ತಾನೇ ಕಿತ್ತಿಟ್ಟಿತು.

ಆ ಶಾಲೆಯ ತೀರ್ಪಿನ ಬೇರು ಇನ್ನೂ ಹಿಂದಿದೆ. 1975ರಲ್ಲಿ ಟೆಕ್ಸಾಸ್ ರಾಜ್ಯ, ಕಾಗದ ಇಲ್ಲದ ಮಕ್ಕಳ ಓದಿಗೆ ಸರ್ಕಾರದ ದುಡ್ಡಿಲ್ಲ ಅಂತ ಕಾನೂನು ಮಾಡಿತು. ಟೈಲರ್ ಅನ್ನೋ ಊರಿನ ಶಾಲೆಗಳು ಅಂಥ ಮಗುವಿಗೆ ವರ್ಷಕ್ಕೆ 1000 ಡಾಲರ್ ಫೀಸು ಕೇಳಿದವು. ನಾಲ್ಕು ಕುಟುಂಬಗಳು 1977ರಲ್ಲಿ ಕೋರ್ಟಿಗೆ ಹೋದವು. ಅಲ್ಲಿಂದಲೇ ಹಿಡಿದು ಗಡೀಪಾರು ಮಾಡಿದರೂ ಮಾಡಬಹುದು ಅಂತ ಗಂಟುಮೂಟೆ ಕಟ್ಟಿ ಕಾರಿನಲ್ಲಿಟ್ಟುಕೊಂಡೇ ಕೋರ್ಟಿನ ಮೆಟ್ಟಿಲು ಹತ್ತಿದರು. 1982ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಲ್ಲಿ ಆ ಮಕ್ಕಳ ಪರ ತೀರ್ಪು ಕೊಟ್ಟಿತು. ಗಂಟು ಕಟ್ಟಿಕೊಂಡು ಹೋದ ಆ ತಾಯಂದಿರ ಧೈರ್ಯದಿಂದ ಎಷ್ಟು ಲಕ್ಷ ಮಕ್ಕಳು ಅಕ್ಷರ ಕಲಿತರು!

ಈಗ ಅಣ್ಣನ 'ಲೈನಿ'ಗೆ ಬರೋಣ.

ಅಣ್ಣಾ, ನೀನು ನಿಂತ ಲೈನು ಯಾವುದು? ಅವರು ನಿಲ್ಲಬೇಕಿದ್ದ ಲೈನು ಎಲ್ಲಿದೆ? 1942ರಿಂದ 1964ರವರೆಗೆ ಅಮೆರಿಕವೇ ಮೆಕ್ಸಿಕೊದ ಕೂಲಿಗಳನ್ನು ಕರೆಸಿಕೊಂಡಿತು. 40 ಲಕ್ಷಕ್ಕೂ ಹೆಚ್ಚು ಕೂಲಿ ಕರಾರುಗಳಾದವು. ಬೆನ್ನು ಬಗ್ಗಿಸಿ ದುಡಿಸಿಕೊಂಡು, ಆಮೇಲೆ ಬಾಗಿಲು ಹಾಕಿತು. ತೋಟದ ಕೆಲಸ ಮಾತ್ರ ನಿಲ್ಲಲಿಲ್ಲ, ಕೂಲಿಯವರ ಅಗತ್ಯವೂ ನಿಲ್ಲಲಿಲ್ಲ. 1990ರ ಕಾನೂನಿನ ಪ್ರಕಾರ, ಹೆಚ್ಚು ಓದಿಲ್ಲದ ಕೂಲಿಕಾರರಿಗೆ ಕೆಲಸದ ಆಧಾರದ ಮೇಲೆ ಖಾಯಂ ವಾಸದ ಚೀಟಿ ಇಡೀ ಲೋಕಕ್ಕೆ ಸೇರಿ ವರ್ಷಕ್ಕೆ 10,000 ಮೀರುವ ಹಾಗಿಲ್ಲ. ಇಡೀ ಲೋಕಕ್ಕೆ! ಓದಿಲ್ಲದವನಿಗೆ ಲೈನೇ ಇಲ್ಲ ಅಣ್ಣಾ. ಇಲ್ಲದ ಲೈನಲ್ಲಿ ಯಾಕೆ ನಿಲ್ಲಲಿಲ್ಲ ಅಂತ ಅವನನ್ನ ಕೇಳೋದು ಯಾವ ನ್ಯಾಯ?

ನಿನ್ನ ಲೈನಾದರೂ ಹೇಗೆ ಬಂತು? ಭಾರತದವರಿಗೆ ಅಮೆರಿಕ 1917ರಲ್ಲಿ ಬಾಗಿಲು ಮುಚ್ಚಿತ್ತು. 1946ರಲ್ಲಿ ಕಿಟಕಿಯಷ್ಟು ತೆರೆದು, ವರ್ಷಕ್ಕೆ ನೂರು ಜನ ಬನ್ನಿ ಅಂದಿತು. ಸರಿಯಾಗಿ ತೆರೆದದ್ದು 1965ರ ಕಾನೂನು. ಅದನ್ನು ಸಾಧ್ಯ ಮಾಡಿದ್ದು ಕರಿಯರು ರಕ್ತ ಸುರಿಸಿ ನಡೆಸಿದ ಚಳವಳಿಯ ಗಾಳಿ. ಆದರೆ ಅದೇ ಕಾನೂನು ಮೆಕ್ಸಿಕೊ ಸೇರಿದ ಆ ಅರ್ಧಗೋಳದಿಂದ ಬರುವವರಿಗೆ ಮೊದಲ ಸಲ ಸಂಖ್ಯೆಯ ಮಿತಿ ಹಾಕಿತು. ನಮಗೆ ಬಾಗಿಲು ತೆರೆದ ಕೈಯೇ ಅವರಿಗೆ ಅಗುಳಿ ಹಾಕಿತು. ಇದನ್ನು ತಿಳಿದ ಮೇಲೂ 'ನಾನು ಯೋಗ್ಯ, ಅವನು ಕಳ್ಳ' ಅನ್ನೋಕೆ ನಾಲಿಗೆ ಹೊರಳುತ್ತಾ?

ಅಮೆರಿಕದಲ್ಲಿ ನಮ್ಮ ದೇಶದವರು ನಡೆದ ದಾರಿ ಎರಡಿವೆ. ಒಂದು ಭಗತ್ ಸಿಂಗ್ ಥಿಂಡ್‌ನದು. ಅವನೇನು ಹೇಡಿಯಲ್ಲ. ಗದರ್ ಚಳವಳಿಯ ನಂಟಿದ್ದವನು, ಅಮೆರಿಕದ ಸೈನ್ಯದಲ್ಲೂ ಇದ್ದವನು. ಆಗ ಹೊರಗಿನಿಂದ ಬಂದವನು ಪ್ರಜೆಯಾಗಬೇಕಾದರೆ 'ಬಿಳಿಯ' ಇಲ್ಲವೇ ಆಫ್ರಿಕಾ ಮೂಲದವ ಆಗಿರಬೇಕಿತ್ತು. ಜನಾಂಗ ನೋಡಿ ಪ್ರಜೆ ಮಾಡುವ ಕಾನೂನೇ ತಪ್ಪು ಅಂತ ಅವನ ವಾದ ಹೇಳಲಿಲ್ಲ. ತಾನು ಮೇಲ್ಜಾತಿಯ ಆರ್ಯ, ಹಾಗಾಗಿ ತಾನೂ ಬಿಳಿಯ ಅಂದಿತು. ಅಮೆರಿಕದವರು ನೀಗ್ರೋವನ್ನು ನೋಡುವ ಹಾಗೆ ಮೇಲ್ಜಾತಿ ಹಿಂದೂ ತನ್ನ ನೆಲದ ಮೂಲನಿವಾಸಿಯನ್ನು ನೋಡುತ್ತಾನೆ ಅಂತ ಕೋರ್ಟಿನಲ್ಲಿ ಬರೆದುಕೊಟ್ಟಿತು. ನಮ್ಮನ್ನು ತುಳಿದದ್ದನ್ನೇ ಯೋಗ್ಯತಾಪತ್ರ ಮಾಡಿ ತೋರಿಸಿತು! 1923ರಲ್ಲಿ ಸುಪ್ರೀಂ ಕೋರ್ಟು ಆಗೋದಿಲ್ಲ ಅಂತ ತಳ್ಳಿಹಾಕಿತು. ತಲೆಬಾಗಿಯೂ ಬಾಗಿಲು ತೆರೆಯಲಿಲ್ಲ.

ಇನ್ನೊಂದು ದಾರಿ ಮಂಗೂರಾಮನದು. ಪಂಜಾಬಿನ ಚಮ್ಮಾರ ಕುಟುಂಬದ ಮಗ. 1909ರಲ್ಲಿ ಅಮೆರಿಕಕ್ಕೆ ಹೋಗಿ ಕ್ಯಾಲಿಫೋರ್ನಿಯದ ತೋಟಗಳಲ್ಲಿ ಕೂಲಿ ಮಾಡಿದ. ಇವತ್ತು ಲ್ಯಾಟಿನೊಗಳು ಬೆನ್ನು ಬಗ್ಗಿಸುತ್ತಿರುವುದು ಆ ನೆಲದಲ್ಲೇ. ಗದರ್ ಪಾರ್ಟಿ ಸೇರಿದ. 1925ರಲ್ಲಿ ಊರಿಗೆ ಬಂದ, 1926ರಲ್ಲಿ ಆದ್ ಧರ್ಮ್ ಚಳವಳಿ ಕಟ್ಟಿದ. ಅವನು ಯಾರ ಸಾಲಿನಲ್ಲೂ ಜಾಗ ಬೇಡಲಿಲ್ಲ. ಸಾಲನ್ನೇ ಪ್ರಶ್ನೆ ಮಾಡಿದ. ಆ ಕಾಲದಲ್ಲಿ ಹೆಂಡತಿಯನ್ನು ಕರೆಸಿಕೊಳ್ಳಲಾಗದ ಎಷ್ಟೋ ಪಂಜಾಬಿ ಕೂಲಿಕಾರರು ಅಲ್ಲಿ ಮೆಕ್ಸಿಕನ್ ಹೆಣ್ಣುಮಕ್ಕಳನ್ನೇ ಮದುವೆಯಾದರು. ಲ್ಯಾಟಿನೊಗಳು ನಮಗೆ ಯಾರು ಅಂತ ಕೇಳುವವರು ಇದನ್ನೂ ಕೇಳಿಸಿಕೊಳ್ಳಲಿ. ನೆಂಟರಪ್ಪ, ನೆಂಟರು!

ಥಿಂಡ್‌ನ ದಾರಿ ಇವತ್ತಿಗೂ ಎಲ್ಲಿಗೂ ಮುಟ್ಟೋದಿಲ್ಲ. 2025ರ ಫೆಬ್ರವರಿ 5ರಂದು ಅಮೆರಿಕದ ಸೈನ್ಯದ ವಿಮಾನ 104 ಭಾರತೀಯರನ್ನು ಅಮೃತಸರದಲ್ಲಿ ಇಳಿಸಿತು. ದಾರಿಯುದ್ದಕ್ಕೂ ಕೈಗೆ ಕೋಳ, ಕಾಲಿಗೆ ಸರಪಳಿ. ಫೀನಿಕ್ಸಿನ ಬೀದಿಯಲ್ಲಿ ಕಂಡ ಸರಪಳಿಯ ನಂಟೇ ಇದು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಮುಖ, ಆಡುವ ಭಾಷೆ, ನಿಂತ ಜಾಗ, ಮಾಡುವ ಕೂಲಿ ಇಷ್ಟನ್ನೇ ನೋಡಿ ಜನರನ್ನು ಹಿಡಿಯಬಾರದು ಅಂತ ಲಾಸ್ ಏಂಜಲೀಸಿನ ನ್ಯಾಯಾಧೀಶೆ ಹಾಕಿದ್ದ ತಡೆಯನ್ನು ಸುಪ್ರೀಂ ಕೋರ್ಟು ಎತ್ತಿಟ್ಟಿತು. ಅಣ್ಣಾ, ನಿನ್ನ ಮೈಬಣ್ಣವೂ ಅದೇ. ಬೀದಿಯಲ್ಲಿ ನಿಲ್ಲಿಸುವವನಿಗೆ ನಿನ್ನ ಡಿಗ್ರಿ ಕಾಣೋದಿಲ್ಲ. ಕಾಣೋದು ಮುಖ. ಕಾಗದ ಜೇಬಿನಲ್ಲಿರುತ್ತೆ, ಸಂಶಯ ಮುಖದ ಮೇಲಿರುತ್ತೆ.

ಹಾಗಾದರೆ ದೇಶಕ್ಕೆ ಗಡಿ ಬೇಡವಾ ಅಂತ ಕೇಳ್ತೀರಿ. ಗಡಿ ಇರಲಿ, ಕಾನೂನೂ ಇರಲಿ. ಆದರೆ ದುಡಿಸಿಕೊಳ್ಳುವಾಗ ಬೇಕು, ದುಡಿದವನ ಮಗು ಶಾಲೆಗೆ ಬಂದಾಗ ಬೇಡ ಅನ್ನೋದು ಕಾನೂನಲ್ಲ. ಅದು ಜೀತದ ಹೊಸ ಹೆಸರು.

2012ರ ಬೇಸಿಗೆಯಲ್ಲಿ ಫೀನಿಕ್ಸಿನಿಂದ ಒಂದು ಬಸ್ಸು ಹೊರಟಿತು. ಮೈಮೇಲೆಲ್ಲ ಚಿಟ್ಟೆಗಳ ಚಿತ್ರ. ಒಳಗೆ ಕಾಗದ ಇಲ್ಲದ ಜನ. ಅಡಗಿ ಕೂರಬೇಕಾದವರು ತಮ್ಮ ಗುಟ್ಟನ್ನು ಬಸ್ಸಿನ ಮೇಲೇ ಬರೆದುಕೊಂಡು ಊರೂರು ತಿರುಗಿದರು: 'ಕಾಗದ ಇಲ್ಲ, ಭಯವೂ ಇಲ್ಲ.' ಅದೇ ಫೀನಿಕ್ಸಿನಲ್ಲಿ 1972ರಲ್ಲಿ, ಹೊಲದ ಕೂಲಿಗಳ ಸಂಘಟನೆಯ ಕೈ ಕಟ್ಟುವ ಕಾನೂನು ಬಂದಾಗ, ಇಲ್ಲಿ ಏನೂ ಆಗೋದಿಲ್ಲ ಅಂದವರಿಗೆ ಡೊಲೊರೆಸ್ ವೆರ್ತಾ ಅನ್ನೋ ಹೆಣ್ಣುಮಗಳು ಕೊಟ್ಟ ಉತ್ತರ ಮೂರು ಪದದ್ದು: ಸೀ ಸೆ ಪ್ವೆದೆ. ಆಗುತ್ತೆ, ಆಗೇ ಆಗುತ್ತೆ.

ಗೆಳೆಯರೇ, ಮುಂದಿನ ಕೂಟದಲ್ಲಿ ಈ ವಿಚಾರ ಇಡಿ. ವಿದೇಶಕ್ಕೆ ಹೊರಟ ನಮ್ಮ ತಮ್ಮಂದಿರು ತಂಗಿಯರಿಗೆ ಹಾರ ಹಾಕಿ ಕಳಿಸುವಾಗ ಒಂದು ಮಾತು ಹೇಳಿ ಕಳಿಸಿ: ಅಲ್ಲಿಗೆ ಹೋದ ಮೇಲೆ ಕಾಗದ ಇಲ್ಲದವನ ಪಕ್ಕ ನಿಲ್ಲು. ನಿನ್ನ ಕಾಗದ ನಿನಗೆ ಸಿಕ್ಕಿದ್ದು ಯಾರೋ ಬೀದಿಗಿಳಿದು ಹೊಡೆಸಿಕೊಂಡದ್ದರಿಂದ.

ಆ ಅಣ್ಣನಿಗೂ ಈ ಪುಟ ಕಳಿಸುತ್ತೇನೆ. ಕೋಪ ಬಂದರೆ ಬರಲಿ. ಫೋನ್ ಮಾಡಲಿ. ಮಾತಾಡೋಣ.

ಜೈ ಭೀಮ್.